ಗೊಡೊ ಬಂದ, ಕಾಳು ಎಣಿಸುವವರು ಯಾರು?

ರಾಂಜಣಗಾಂವದ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಅಳವಡಿಸುವ ಪ್ರಾಜೆಕ್ಟ್‌ಗಳನ್ನು ದಡ ಸೇರಿಸುವುದು ನನ್ನ ಕೆಲಸ. ಕೈಯಿಂದ ಮಾಡುವ ಕೆಲಸ ಕಂಡರೆ ಸಾಕು, ಅದನ್ನು ಯಂತ್ರಕ್ಕೆ ದಾಟಿಸುವುದು ನಮ್ಮ ಕಸುಬಿನ ಚಟ. ನನ್ನ ಮೊದಲ ಗೇಮನ್ನು ಕೆಡಿಸಿದ್ದು ಇದೇ ಚಟ. ಅದಕ್ಕೂ ಮೊದಲು, ಆ ಗೇಮ್ ಕಟ್ಟಲು ಬಳಸಿದ ಗೊಡೊ ಎಂಜಿನ್ ಬಗ್ಗೆ ಎರಡು ಮಾತು.

ಅರ್ಜೆಂಟೀನಾದ ಇಬ್ಬರು ಪ್ರೋಗ್ರಾಮರ್‌ಗಳು ಶುರುಮಾಡಿದ ಗೊಡೊ, 2014ರಲ್ಲಿ ಎಂಐಟಿ ಲೈಸೆನ್ಸಿನಡಿ ಎಲ್ಲರಿಗೂ ಮುಕ್ತವಾಯಿತು. ಹೆಸರು ಬಂದದ್ದು ಬೆಕೆಟ್‌ನ ನಾಟಕದಿಂದ. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಕಂಪನಿ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಹಾಕುವುದಾಗಿ ಘೋಷಿಸಿದಾಗ ಅನೇಕರು ಇತ್ತ ತಿರುಗಿದರು. ಮರುವರ್ಷ ಯೂನಿಟಿ ಆ ಶುಲ್ಕವನ್ನು ಕೈಬಿಟ್ಟಿತು. ಆದರೆ ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವ ಮುಂಚೆ ಯೋಚಿಸಬೇಕೆಂಬ ಪಾಠ ಉಳಿಯಿತು. ವಲಸಿಗರಾದ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕನ್ನಡಿಗರಿಗೆ ಮುಖ್ಯವಾದದ್ದು ಬೇರೆ. ಗೊಡೊ 3ರಲ್ಲಿ ಕನ್ನಡ ಬರೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. 2023ರ ಮಾರ್ಚಿನಲ್ಲಿ ಬಂದ 4.0ರಲ್ಲಿ ಹಾರ್ಫ್‌ಬಜ್ ಲೈಬ್ರರಿಯ ಬಲದಿಂದ 'ಅಜ್ಜಿ', 'ಹಣ್ಣು' ಸರಿಯಾಗಿ ಮೂಡಿದವು. ಒಂದು ಎಚ್ಚರಿಕೆ: ಎಂಜಿನ್ ಜೊತೆ ಬರುವ ಫಾಂಟಿನಲ್ಲಿ ಕನ್ನಡವಿಲ್ಲ. ಲ್ಯಾಪ್‌ಟಾಪಿನಲ್ಲಿ ಅದು ಸಿಸ್ಟಮ್ಮಿನ ಫಾಂಟನ್ನು ಎರವಲು ಪಡೆಯುತ್ತದೆ. ಬ್ರೌಸರಿನಲ್ಲಿ ಬರೀ ಚೌಕಗಳು. ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನು ಪ್ರಾಜೆಕ್ಟಿಗೇ ಸೇರಿಸಿಕೊಳ್ಳಿ.

ಗೊಡೊ ದಾಖಲೆಯ ಮೊದಲ 2ಡಿ ಪಾಠದ ಹೆಸರು 'ಡಾಡ್ಜ್ ದ ಕ್ರೀಪ್ಸ್'. ಮೈಮೇಲೆ ಬರುವ ಪ್ರಾಣಿಗಳಿಂದ ತಪ್ಪಿಸಿಕೊಂಡಷ್ಟು ಹೊತ್ತು ಅಂಕ ಏರುತ್ತದೆ. ನೋಡ್, ಸೀನ್, ಸಿಗ್ನಲ್ ಎಂಬ ಮೂರು ಕಲ್ಪನೆಗಳನ್ನು ಇಷ್ಟು ಚೊಕ್ಕವಾಗಿ ಕಲಿಸುವ ಪಾಠ ನನ್ನ ಎಂಟೆಕ್‌ನಲ್ಲೂ ಸಿಕ್ಕಿರಲಿಲ್ಲ. ಆದರೂ ನನ್ನದೊಂದು ತಕರಾರು. ಪಾಠ ಎಂಜಿನ್ನನ್ನು ಕಲಿಸುತ್ತದೆಯೇ ಹೊರತು ಆಟ ಎಲ್ಲಿದೆ ಎಂದು ಹುಡುಕುವುದನ್ನಲ್ಲ. ಹೇಳಿದಂತೆ ಟೈಪಿಸಿದೆ, ಗೇಮ್ ಓಡಿತು. ಕಲಿತೆ ಅಂದುಕೊಂಡೆ.

ಮುಂದಿನ ವಾರಾಂತ್ಯ ಪಾಠ ಮುಚ್ಚಿಟ್ಟು ಅಳಗುಳಿ ಮಣೆಗೆ ಕೈಹಾಕಿದೆ. ಹದಿನಾಲ್ಕು ಗುಳಿ, ನಮ್ಮ ಮನೆಯ ಕ್ರಮದಲ್ಲಿ ಗುಳಿಗೆ ಐದರಂತೆ ಎಪ್ಪತ್ತು ಹುಣಸೆ ಬೀಜ. ಪ್ರೋಗ್ರಾಮರ್ ಕಣ್ಣಿಗೆ ಇದೊಂದು ಹದಿನಾಲ್ಕು ಸಂಖ್ಯೆಗಳ ಪಟ್ಟಿ. ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ. ಗುಳಿ ಮುಟ್ಟಿದರೆ ಸಾಕು, ಕಾಳು ಕ್ಷಣದಲ್ಲಿ ಹಂಚಿಕೆ, ಗೆದ್ದ ಲೆಕ್ಕ ಪರದೆಯ ಮೇಲೆ. ಹೆಮ್ಮೆಯಿಂದ ಎಂಟು ವರ್ಷದ ಮಗಳಿಗೆ ಕೊಟ್ಟೆ. ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಮರಾಠಿ, ಮನೆಯಲ್ಲಷ್ಟೇ ಕನ್ನಡ ಅವಳದ್ದು. ನಾಲ್ಕು ಸಲ ಮುಟ್ಟಿದಳು. "ಅಪ್ಪಾ, ಇದು ತಾನೇ ಆಡ್ಕೊಳ್ತಲ್ಲ" ಅಂದು ಎದ್ದುಹೋದಳು.

ನಾನು ಓದಿದ ಅತಿ ಚಿಕ್ಕ, ಅತಿ ಸರಿಯಾದ ವಿಮರ್ಶೆ ಅದೇ. ಅಳಗುಳಿ ಮಣೆಯಲ್ಲಿ ಎಣಿಸುವುದು ಆಟಕ್ಕೆ ಮುಂಚಿನ ಕೆಲಸವಲ್ಲ, ಎಣಿಸುವುದೇ ಆಟ. ಮುಷ್ಟಿಯಲ್ಲಿ ಎಷ್ಟಿದೆ, ಕೊನೆಯ ಕಾಳು ಎಲ್ಲಿ ಬೀಳುತ್ತದೆ ಎಂಬ ಅಂದಾಜು, ತಪ್ಪಿದರೆ ಎದುರಿನವರ ನಗು. ನಾನು ಅದನ್ನೆಲ್ಲ ಆಟೋಮೇಟ್ ಮಾಡಿ, ಖಾಲಿ ಮಣೆಯನ್ನು ಮಗುವಿನ ಕೈಗೆ ಕೊಟ್ಟಿದ್ದೆ.

ಎರಡನೇ ಆವೃತ್ತಿಯಲ್ಲಿ ಕೋಡ್ ಕಡಿಮೆಯಾಯಿತು. ಒಂದು ಬೆರಳು, ಒಂದು ಕಾಳು. ಪ್ರತಿ ಕಾಳಿಗೂ 'ಒಂದು, ಎರಡು, ಮೂರು' ಎಂದು ಅಕ್ಷರದಲ್ಲಿ ಮೂಡುತ್ತದೆ. ತಪ್ಪು ಗುಳಿಗೆ ಹಾಕಿದರೆ ಗೇಮ್ ತಡೆಯುವುದಿಲ್ಲ, ಎದುರಿನವರು ಹಿಡಿಯಬೇಕು. ಈಗ ಮಗಳು ನನ್ನನ್ನು ಎದುರಿಗೆ ಕೂರಿಸಿಕೊಂಡು ಆಡುತ್ತಾಳೆ, 'ಹನ್ನೊಂದು' ಎಂದು ಓದುತ್ತಾಳೆ, ನನ್ನ ಕಳ್ಳಾಟವನ್ನೂ ಹಿಡಿಯುತ್ತಾಳೆ.

ಮರದ ಮಣೆಯ ತೂಕ, ಹುಣಸೆ ಬೀಜದ ಸದ್ದು ಇದಕ್ಕಿಲ್ಲ, ಒಪ್ಪುತ್ತೇನೆ. ಬರುವ ರಜೆಯಲ್ಲಿ ಊರಿನ ಅಟ್ಟದಿಂದ ಮಣೆ ಇಳಿಸುವುದಿದೆ. ನೀವೂ ಗೊಡೊ ಕಲಿಯುವುದಾದರೆ ಪಾಠದ ಗೇಮನ್ನು ಒಮ್ಮೆ ಮಾಡಿ, ಎರಡನೆಯದು ನಿಮ್ಮ ಮನೆಯದಾಗಿರಲಿ. ಬರೆಯುವ ಮುನ್ನ, ಯಂತ್ರಕ್ಕೆ ಯಾವುದನ್ನು ಕೊಡಬಾರದು ಎಂದು ಮೊದಲು ಪಟ್ಟಿ ಮಾಡಿಕೊಳ್ಳಿ.