ಯಾರೂ ಇಡದ ಚುಕ್ಕಿ

ಜಿಡ್ಡು ಪೂರ್ತಿ ಹೋಗದ ಸ್ಟೀಲ್ ತಟ್ಟೆಯ ಮೇಲೆ ತೆಳ್ಳಗೆ ನೀರು ಹರಡಿ, ಸುಮ್ಮನೆ ನೋಡುತ್ತಾ ಕೂರಿ. ಎಲ್ಲೋ ಒಂದು ತೂತು ಬೀಳುತ್ತದೆ. ಅದರ ಅಂಚು ಹಿಂದೆ ಸರಿಯುತ್ತಾ ಹೋಗಿ ಪಕ್ಕದ ತೂತಿನ ಅಂಚಿಗೆ ತಾಗುತ್ತದೆ. ನಡುವೆ ಸಿಕ್ಕ ನೀರೆಳೆ ಕಡಿದು ಹನಿಗಳ ಸಾಲಾಗುತ್ತದೆ. ಪಾತ್ರೆ ತಿಕ್ಕುವ ಆತುರದಲ್ಲಿ ಇದನ್ನೆಲ್ಲ ನೋಡುವವರು ಯಾರು?

ಕರಗಿಸಿದರೆ ಲೋಹದ್ದೂ ಇದೇ ಆಟ. ಪದರ 4 ನ್ಯಾನೊಮೀಟರ್ ದಪ್ಪದ ಕೋಬಾಲ್ಟ್. ನಮ್ಮ ಉಗುರು ಸುಮಾರು ನಾಲ್ಕು ಸೆಕೆಂಡಿನಲ್ಲಿ ಬೆಳೆಯುವಷ್ಟು, ಅಷ್ಟೇ. ಅದರ ಮೇಲೆ 9 ನ್ಯಾನೊಸೆಕೆಂಡಿನ ಲೇಸರ್ ಮಿಂಚು. ಲೋಹ ಕರಗುತ್ತದೆ, ಒಂಚೂರು ಸರಿಯುತ್ತದೆ, ಆಗಲೇ ಹೆಪ್ಪುಗಟ್ಟಿಬಿಡುತ್ತದೆ. ನನಗೆ ರುಚಿಸುವುದು ಈ ನಿಲುಗಡೆ. ತಟ್ಟೆಯ ನೀರು ಯಾರಿಗೂ ಕಾಯುವುದಿಲ್ಲ. ಲೋಹ ಮಾತ್ರ ಮಿಂಚಿಗೊಂದು ಹೆಜ್ಜೆ ಇಟ್ಟು, ಇಟ್ಟಲ್ಲೇ ನಿಂತಿರುತ್ತದೆ. ಹತ್ತಾರು ಮಿಂಚಿಗೆ ಸಾಕು ಮಾಡಿದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಬರೀ ತೂತುಗಳು. ಮುಂದುವರಿಸಿದರೆ ಬೇಸಿಗೆಯಲ್ಲಿ ಬಿರಿದ ಕೆರೆಯಂಗಳದಂಥ ಬಲೆ. ಸಾವಿರಾರು ಮಿಂಚುಗಳಾದ ಮೇಲೆ ದುಂಡು ದುಂಡು ಹನಿಗಳು. (ಈ ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ಬಳಿಯುವವರ ಮೇಲೆ ನನಗೆ ಸಿಟ್ಟಿದೆ. ಬೂದು ಬಣ್ಣವೇ ಚೆಂದ.)

ಹನಿಗಳ ನಡುವಿನ ಅಂತರ ನೋಡಿ: ಅಳೆದಿಟ್ಟಂತಲ್ಲ, ಮನಬಂದಂತೆಯೂ ಅಲ್ಲ. ರಂಗೋಲಿಗೆ ಚುಕ್ಕಿ ಇಟ್ಟವರು ಯಾರೂ ಇಲ್ಲ. ಮೇಲ್ಮೈ ಎಳೆತ ಪದರವನ್ನು ಸಮ ಮಾಡಲು ಹೆಣಗುತ್ತದೆ. ಅಣುಗಳ ಸೆಳೆತ ತೆಳುವಾದಲ್ಲಿ ಇನ್ನಷ್ಟು ತೆಳು ಮಾಡುತ್ತದೆ. ಈ ಜಗ್ಗಾಟದಲ್ಲಿ ಯಾವುದೋ ಒಂದು ಅಲೆಯುದ್ದ ಉಳಿದವಕ್ಕಿಂತ ಬೇಗ ಬೆಳೆದು ಗೆಲ್ಲುತ್ತದೆ. ಪದರದ ದಪ್ಪ ಅರ್ಧವಾದರೆ ಆ ಅಂತರ ಕಾಲುಭಾಗಕ್ಕಿಳಿಯುತ್ತದೆ. ಮನುಷ್ಯನ ಕೈಯಲ್ಲಿರುವುದು ದಪ್ಪವೊಂದೇ, ಮಿಕ್ಕಿದ್ದು ಲೋಹದ ಪಾಲು.

ಚಿನ್ನದ ಪದರವಾದರೆ ಬರಿಗಣ್ಣಿಗೂ ಹಬ್ಬ. ಬೆಳಕಿಗೆ ಹಿಡಿದ ಚಿನ್ನದ ರೇಕು ಹಸಿರಾಗಿ ಕಾಣುತ್ತದೆ. ಅದೇ ಚಿನ್ನ ಗಾಜಿನ ಮೇಲೆ ನ್ಯಾನೊ ಹನಿಗಳಾಗಿ ಕೂತರೆ ಗುಲಾಬಿ, ಕೆಂಪು. ಹನಿಯೊಳಗಿನ ಎಲೆಕ್ಟ್ರಾನುಗಳು ಹಸಿರು ಬೆಳಕಿನ ತಾಳಕ್ಕೆ ಓಲಾಡಿ ಅದನ್ನು ನುಂಗಿಕೊಳ್ಳುತ್ತವೆ.

ಲೇಸರ್ ಹುಟ್ಟುವ ಒಂದು ಶತಮಾನಕ್ಕೂ ಮೊದಲು, 1857ರಲ್ಲಿ, ವಿಜ್ಞಾನಿ ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ ಈ ಬಣ್ಣದಾಟದ ಬಾಗಿಲು ತಟ್ಟಿದ್ದ. ಗಾಜಿಗಂಟಿಸಿದ ಚಿನ್ನದ ರೇಕನ್ನು ಕಾಯಿಸಿದ. ಚಿನ್ನ ಅಲ್ಲೇ ಇತ್ತು, ಹಸಿರು ಮಾತ್ರ ಮಾಯವಾಯಿತು. ಆಮೇಲೆ ನುಣುಪಾದ ಅಗೇಟ್ ಕಲ್ಲಿನಿಂದ ಅದನ್ನು ಒತ್ತಿ ನೋಡಿದ. ಕಲ್ಲು ಒತ್ತಿದ ಕಡೆ ಹಸಿರು ಮರಳಿ ಬಂತು.