ಪ್ರಜೆ, ಪೌರ, ನಾಗರಿಕ: ಒಂದು ಶಬ್ದವಿಮರ್ಶೆ

ನ್ಯಾಯದ ವಿಷಯದಲ್ಲಿ ಶಬ್ದವು ಸಡಿಲಾದರೆ ಮನುಷ್ಯನ ಹಕ್ಕೂ ಸಡಿಲಾಗುವದು. ನಮ್ಮ ಲೇಖಕರು ಪ್ರಜೆ, ಪೌರ, ನಾಗರಿಕ ಎಂಬ ಮೂರನ್ನೂ ಪರ್ಯಾಯಪದಗಳಂತೆ ಬಳಸುತ್ತಿರುವದರಿಂದ ಅವುಗಳ ವಿವೇಚನೆಯು ಅವಶ್ಯವಾಗಿದೆ.

'ಪ್ರಜಾ' ಶಬ್ದಕ್ಕೆ ಸಂಸ್ಕೃತದಲ್ಲಿ ಸಂತಾನವೆಂದೂ ಅರ್ಥವುಂಟು. ಅದು ರಾಜನನ್ನು ತಂದೆಯ ಸ್ಥಾನದಲ್ಲಿರಿಸುವ ಪದ. ನಮ್ಮ ಸೀಮೆಗೆ ಒಂದು ಕಾಲಕ್ಕೆ ಅದೇ ಸಲ್ಲುತ್ತಿದ್ದಿತು. ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಬೆಟಗೇರಿಯ ನೇಕಾರನು ಬ್ರಿಟಿಷ್ ಪ್ರಜೆ. ಅವನ ಲಕ್ಷ್ಮೇಶ್ವರದ ಬೀಗನು ಆಂಗ್ಲ ಕಾನೂನಿನ ದೃಷ್ಟಿಯಲ್ಲಿ 'ರಕ್ಷಿತ ವ್ಯಕ್ತಿ' ಮಾತ್ರ. ನುಡಿಯೊಂದೇ, ದೊರೆ ಬೇರೆ. 1948ರ ಮಾರ್ಚ 8ರಂದು ಆ ಸಂಸ್ಥಾನಗಳು ವಿಲೀನವಾದವು. 1949ರ ನವೆಂಬರ 26ರಂದು ಸಂವಿಧಾನದ 5ರಿಂದ 9ನೆಯ ಕಲಮುಗಳು ಜಾರಿಗೆ ಬಂದವು. ಬೀಗರಿಬ್ಬರೂ ಸಮಾನ ಪೌರರಾದರು.

ಆದರೆ 'ಪೌರ'ನೆಂದರೆ ಪುರದವನು. ವಾಲ್ಮೀಕಿ ರಾಮಾಯಣದಲ್ಲಿ ಪೌರರೂ ಜಾನಪದರೂ ಜೋಡಿಯಾಗಿಯೇ ಬರುವರು. ಬರಿಯ ಪೌರನೆಂದರೆ ಹೊಲದವನು ಹೊರಗುಳಿಯುವನು. 'ನಾಗರಿಕ'ಕ್ಕೂ ಇದೇ ದೋಷ. ಮೇಲಾಗಿ ಸಭ್ಯನೆಂಬ ಅರ್ಥವು ಬೆರೆತು ಉಳಿದವರು 'ಅನಾಗರಿಕ'ರಾಗುವರು. ರೂಢಿಯು ಯೋಗಾರ್ಥವನ್ನು ಮೀರುವದೆಂಬುದು ಶಾಸ್ತ್ರಸಮ್ಮತವಾದ್ದರಿಂದ 'ಪೌರ'ವನ್ನೇ ಉಳಿಸಿಕೊಳ್ಳಬಹುದು. ಜಾನಪದನೂ ಅದರಲ್ಲಿ ಅಡಕನೆಂಬುದನ್ನು ಮರೆಯಬಾರದಷ್ಟೇ.

ಹೆಚ್ಚಿನ ತೊಡಕು ಮುಂದಿದೆ. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 15ನೆಯ ಕಲಮು 'ನ್ಯಾಶನ್ಯಾಲಿಟಿ'ಯು ಪ್ರತಿಯೊಬ್ಬನ ಹಕ್ಕೆನ್ನುವದು. ಅದನ್ನು 'ರಾಷ್ಟ್ರೀಯತೆ' ಎಂದರೆ ದೇಶಾಭಿಮಾನದ ಭ್ರಾಂತಿಯುಂಟಾಗುವದು. 'ಪೌರತ್ವ'ವೂ ಪೂರ್ತಿಯಾಗಿ ಹೊಂದದು. ಅಮೇರಿಕನ್ ಸಮೋವಾದಲ್ಲಿ ಹುಟ್ಟಿದವರು ಅಮೇರಿಕೆಯ ಕಾನೂನಿನಂತೆ ಆ ದೇಶಕ್ಕೆ ಸೇರಿದವರಾದರೂ ಹುಟ್ಟಿನಿಂದಲೇ ಪೌರರಾಗುವದಿಲ್ಲ. ಇಲ್ಲಿ 'ದೇಶಸದಸ್ಯತ್ವ'ವೆಂಬುದು ಯುಕ್ತವೆಂದು ನನ್ನ ಮತ.

ಈ ಸದಸ್ಯತ್ವಕ್ಕೆ ಮೂಲವು ಭೂಮಿಯೋ ವಂಶವೋ? ಅಮೇರಿಕೆಯು 1868ರ ತಿದ್ದುಪಡಿಯಿಂದ ಜನ್ಮಭೂಮಿಯನ್ನು ಹಿಡಿಯಿತು. ಜರ್ಮನಿಯು 1913ರ ಕಾಯಿದೆಯಿಂದ ವಂಶವನ್ನು ಹಿಡಿದು, 2000ದಲ್ಲಿ ಜನ್ಮಭೂಮಿಗೂ ಎಡೆಗೊಟ್ಟಿತು. ನಾವು ಎದುರು ದಿಕ್ಕಿನಲ್ಲಿ ನಡೆದೆವು. 1955ರ ಕಾಯಿದೆಯಲ್ಲಿ ಈ ನೆಲದಲ್ಲಿ ಹುಟ್ಟಿದರೆ ಬಹುತರ ಸಾಕಾಗಿದ್ದಿತು. 1987ರ ಜುಲೈ 1ರಿಂದ ತಾಯಿತಂದೆಗಳಲ್ಲೊಬ್ಬರು ಪೌರರಾಗಿರಬೇಕಾಯಿತು; 2004ರ ಡಿಸೆಂಬರ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಕೂಡದೆಂದೂ ಆಯಿತು. ಹೀಗೆ 'ಪೌರ' ಶಬ್ದದೊಳಕ್ಕೆ 'ಪ್ರಜಾ' ಶಬ್ದದ ಸಂತಾನಾರ್ಥವು ಮೆಲ್ಲನೆ ಮರಳಿದೆ. ಇದನ್ನು ನಮ್ಮ ಲೇಖಕರು ಗಮನಿಸಿದಂತೆ ತೋರುವದಿಲ್ಲ.

ಯಾವ ದೇಶಕ್ಕೂ ಸೇರದವರ ರಕ್ಷಣೆಗಾಗಿ 1954ರಲ್ಲಿಯೂ 1961ರಲ್ಲಿಯೂ ಅಂತರರಾಷ್ಟ್ರೀಯ ಒಡಂಬಡಿಕೆಗಳಾದವು. ಭಾರತವು ಎರಡರಲ್ಲಿಯೂ ಸೇರಿಲ್ಲ. ಅಂಥವನನ್ನು ಕನ್ನಡದಲ್ಲಿ 'ಪರದೇಶಿ' ಎಂದು ಬರೆಯುವದು ತಪ್ಪು. ಪರದೇಶಿಗೆ ಹಿಂದಿರುಗಲು ಒಂದು ದೇಶವುಂಟು. ಇವನಿಗೆ ಅದೂ ಇಲ್ಲ. 'ದೇಶಹೀನ'ನೆಂದೇ ಬರೆಯತಕ್ಕದ್ದು.