ಸುರಪುರ ಸೀಮೆ ಮತ್ತು ಮೆಡೋಸ್ ಟೇಲರನ ಪುನರ್ಮುದ್ರಿತ ಕೃತಿಗಳು

ಗ್ರಂಥವೊಂದು ಪುನರ್ಮುದ್ರಣಗೊಂಡಿತೆಂದರೆ ಅದೇ ಗ್ರಂಥವು ನಮಗೆ ಮತ್ತೊಮ್ಮೆ ದೊರೆಯಿತೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಜೀವನಚರಿತ್ರೆಗಳ ವಿಷಯದಲ್ಲಿ ಈ ಭಾವನೆಯನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ಆಂಗ್ಲ ಚರಿತ್ರಕಾರರಲ್ಲಿ ಆದ್ಯನೆನಿಸಿದ, ಪದ್ಯರಚನೆಯಲ್ಲಿಯೂ ಕೈಯಾಡಿಸಿದ ಐಸಾಕ್ ವಾಲ್ಟನ್, 1640ರಲ್ಲಿ ಪ್ರಕಟಿಸಿದ ಜಾನ್ ಡನ್ ಕವಿಯ ಚರಿತ್ರೆಯನ್ನು 1658ರಿಂದ 1675ರವರೆಗಿನ ಮುದ್ರಣಗಳಲ್ಲಿ ತಿದ್ದುತ್ತಲೇ ಹೋದನು. ಬದುಕಿರುವ ಲೇಖಕನು ಹೀಗೆ ತನ್ನನ್ನು ತಾನೇ ತಿದ್ದಿಕೊಳ್ಳಬಲ್ಲನು. ಲೇಖಕನು ಗತಿಸಿದ ಮೇಲೆ ಆ ಹೊಣೆ ಸಂಪಾದಕನದು. ಸಂಪಾದಕನು ಸುಮ್ಮನಿದ್ದರೆ ವಾಚಕನದು. ಈ ಹೊಣೆಯು ಕನ್ನಡ ನಾಡಿನ ವಾಚಕನಿಗೆ ವಿಶೇಷವಾಗಿ ಬರುವ ಒಂದು ಸಂದರ್ಭವನ್ನು ಇಲ್ಲಿ ವಿವೇಚಿಸುತ್ತೇವೆ. ಅದು ಸುರಪುರದ ಆಡಳಿತವನ್ನು ನಡೆಸಿ, ಆ ಕಥೆಯನ್ನು ತಾನೇ ಬರೆದ ಫಿಲಿಪ್ ಮೆಡೋಸ್ ಟೇಲರನದು.

ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 1824ರಲ್ಲಿ ಮುಂಬಯಿಗೆ ಬಂದು, ನಿಜಾಮನ ಸೈನ್ಯದಲ್ಲಿ ಸೇರಿದನು. 1839ರಲ್ಲಿ ಹೊರಬಂದ ಅವನ 'ಠಕ್ಕನ ತಪ್ಪೊಪ್ಪಿಗೆ' ಎಂಬ ಕಾದಂಬರಿ ಅವನಿಗೆ ಕೀರ್ತಿಯನ್ನು ತಂದಿತು. ಸುರಪುರದ ರಾಜ ಕೃಷ್ಣಪ್ಪನಾಯಕನು ತೀರಿಕೊಂಡ ಮೇಲೆ, ರಾಜಕುಮಾರ ವೆಂಕಟಪ್ಪನಾಯಕನು ಇನ್ನೂ ಬಾಲಕನಾಗಿದ್ದುದರಿಂದ, ಸಂಸ್ಥಾನದ ಮೇಲ್ವಿಚಾರಣೆ ಟೇಲರನ ಪಾಲಿಗೆ ಬಂದಿತು. 1853ರಲ್ಲಿ ಪ್ರಾಪ್ತವಯಸ್ಕನಾದ ರಾಜನಿಗೆ ಅಧಿಕಾರವನ್ನು ಒಪ್ಪಿಸಿ ಅವನು ಹೊರಟನು. 1858ರ ದಂಗೆಯ ತರುವಾಯ ಮತ್ತೆ ಅಲ್ಲಿಗೆ ಬಂದು, 1860ರಲ್ಲಿ ಸ್ವದೇಶಕ್ಕೆ ತೆರಳಿದನು. 1876ರಲ್ಲಿ ಫ್ರಾನ್ಸಿನ ಮೆಂಟನ್ ಎಂಬಲ್ಲಿ ನಿಧನನಾದನು.

ಅವನ ಆತ್ಮಕಥೆ ಅಚ್ಚಾದುದು ಮರಣಾನಂತರ, 1877ರಲ್ಲಿ. ಅದನ್ನು ಸಂಪಾದಿಸಿದವಳು ಅವನ ಮಗಳು; ಮುನ್ನುಡಿ ಬರೆದವನು ಬಂಧುವಾದ ಹೆನ್ರಿ ರೀವ್. ಆದುದರಿಂದ ಮೊದಲ ಮುದ್ರಣವೇ ಒಂದು ಕುಟುಂಬದ ಶ್ರದ್ಧಾಂಜಲಿ. 1920ರಲ್ಲಿ ಹೆನ್ರಿ ಬ್ರೂಸನ ಪ್ರಸ್ತಾವನೆ, ಟಿಪ್ಪಣಿಗಳೊಡನೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು ಅದನ್ನು ಮತ್ತೆ ಹೊರತಂದಿತು. ಇದಕ್ಕಿಂತ ಭಿನ್ನವಾದ ಇನ್ನೊಂದು ಪುನರ್ಮುದ್ರಣವೂ ಉಂಟು. ದಕ್ಷಿಣಾಪಥದ ಬೃಹತ್‌ಶಿಲಾ ಸಮಾಧಿಗಳನ್ನು ಕುರಿತು ಟೇಲರನು ವಿದ್ವತ್ಪತ್ರಿಕೆಗಳಿಗೆ ಬರೆದಿದ್ದ ಲೇಖನಗಳನ್ನು ನಿಜಾಮ ಸರ್ಕಾರದ ಪುರಾತತ್ತ್ವ ಇಲಾಖೆಯು ಒಟ್ಟುಗೂಡಿಸಿ 1941ರಲ್ಲಿ ಪ್ರಕಟಿಸಿತು. ಈ ಎರಡು ಗ್ರಂಥಗಳನ್ನು ಜತೆಗಿಟ್ಟು ಓದಿದಲ್ಲದೆ ಟೇಲರನ ಬೆಲೆಯನ್ನು ಕಟ್ಟುವುದು ಸಾಧ್ಯವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಶಿಲಾಸಮಾಧಿಗಳ ಲೇಖನಗಳನ್ನು ನೋಡೋಣ. ರಾಜನಕೋಳೂರಿನ ಕಲ್ಲುಮನೆಗಳು, ಶಹಾಪುರದ ಬಳಿಯ ವಿಭೂತಿಹಳ್ಳಿಯ ಬಂಡೆಗಳ ಸಾಲು, ಜೇವರಗಿಯ ಸಮಾಧಿಗಳು, ಇವನ್ನು ಟೇಲರನು ಸ್ವತಃ ಕಂಡು, ಅಳೆದು, ಕೆಲವನ್ನು ಅಗೆಸಿ, ಒಳಗಿನ ಪದರಗಳ ನಕ್ಷೆಯನ್ನು ಬರೆದನು. ಇವು ಮೋರ್ಯರ ಮನೆಗಳು, ಕುಳ್ಳರ ವಾಸಸ್ಥಾನಗಳು ಎಂದು ಊರವರು ಹೇಳಿದುದನ್ನೂ ಗುರುತಿಸಿಟ್ಟನು. ಯೂರೋಪಿನ ಶಿಲಾಸಮಾಧಿಗಳಿಗೂ ಇವಕ್ಕೂ ಜನಾಂಗಸಂಬಂಧವುಂಟೆಂಬ ಅವನ ಊಹೆಯನ್ನು ಮುಂದಿನ ವಿದ್ವಾಂಸರು ಕೈಬಿಟ್ಟರು. ಆದರೆ ಅವನ ಅಳತೆಗಳು ಉಳಿದವು. ಅವನ ನಕ್ಷೆಗಳನ್ನು ಮಾರ್ಟಿಮರ್ ವ್ಹೀಲರನಂತಹ ಪುರಾತತ್ತ್ವಜ್ಞನು ಮೆಚ್ಚಿಕೊಂಡನು. ಹೀಗೇಕಾಯಿತು? ಕಂಡುದನ್ನು ಒಂದು ಕಡೆಯಲ್ಲಿಯೂ ಊಹಿಸಿದುದನ್ನು ಇನ್ನೊಂದು ಕಡೆಯಲ್ಲಿಯೂ ಅವನು ಇಟ್ಟಿದ್ದನು. ಊಹೆಯು ಬಿದ್ದುಹೋದರೂ ಸಾಕ್ಷ್ಯವು ಕೆಡಲಿಲ್ಲ.

ಆತ್ಮಕಥೆಯಲ್ಲಿ ಈ ಭೇದವು ಅಳಿಸಿಹೋಗುತ್ತದೆ. ಅಲ್ಲಿ ಟೇಲರನು ಸಾಕ್ಷಿಯೂ ಹೌದು, ಪಕ್ಷಗಾರನೂ ಹೌದು, ನ್ಯಾಯಾಧೀಶನೂ ಹೌದು. ರಾಣಿ ಈಶ್ವರಮ್ಮನ ಚಿತ್ರವನ್ನೇ ತೆಗೆದುಕೊಳ್ಳಬಹುದು. ಅವಳು ಒಳಸಂಚುಗಾರ್ತಿಯಾಗಿ, ಹಠಮಾರಿಯಾಗಿ, ನಡತೆಗೆಟ್ಟವಳಾಗಿ ಕಾಣಿಸುತ್ತಾಳೆ. ತನ್ನ ಮಗನ ರಾಜ್ಯದಲ್ಲಿ ಪರಕೀಯನೊಬ್ಬನು ಬೊಕ್ಕಸವನ್ನೂ ಸೈನ್ಯವನ್ನೂ ವಶಪಡಿಸಿಕೊಂಡಾಗ ತಾಯಿಯೊಬ್ಬಳು ಏನು ಮಾಡಬೇಕಾಗಿತ್ತೆಂಬ ಪ್ರಶ್ನೆಯನ್ನು ಗ್ರಂಥವು ಎತ್ತುವುದೇ ಇಲ್ಲ. ಅವಳ ಮಾತುಗಳೆಲ್ಲವೂ ಟೇಲರನ ಲೇಖನಿಯಿಂದ ಸೋಸಿ ಬಂದವುಗಳೇ.

ಕೃತಿಯ ರಚನೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಅಂಶವುಂಟು. ರಾಜಕುಮಾರನು ತನ್ನ ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟುವುದಿಲ್ಲವೆಂದು ಜಾತಕವು ನುಡಿದಿತ್ತೆಂದೂ, ಈ ರಹಸ್ಯವು ತನಗೆ ತಿಳಿದಿತ್ತೆಂದೂ ಟೇಲರನು ಬರೆಯುತ್ತಾನೆ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗ ನಡೆಯಿತು. ರಾಜನು ಹೈದರಾಬಾದಿನಲ್ಲಿ ಸೆರೆಸಿಕ್ಕಿದನು. ಮರಣದಂಡನೆಯ ತೀರ್ಪು ಮೊದಲು ಗಡೀಪಾರಿಗೂ ಅನಂತರ ನಾಲ್ಕು ವರ್ಷಗಳ ಸೆರೆವಾಸಕ್ಕೂ ಇಳಿಯಿತು. ಸೆರೆಮನೆಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಮೃತನಾದನು. ಅದು ಆಕಸ್ಮಿಕವೋ ಆತ್ಮಹತ್ಯೆಯೋ ಎಂಬುದನ್ನು ಟೇಲರನು ನಿರ್ಣಯಿಸುವುದಿಲ್ಲ. ಜಾತಕವು ಫಲಿಸಿತೆಂಬುದನ್ನು ಮಾತ್ರ ಎತ್ತಿ ತೋರಿಸುತ್ತಾನೆ. ಕಾದಂಬರಿಕಾರನ ಕೈ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಥೆಗೆ ದುರಂತನಾಟಕದ ಬಿಗಿ ಬಂದಿದೆ, ನಿಜ. ಆದರೆ ರಾಜನ ಮರಣವು ವಿಧಿಲಿಖಿತವಾದೊಡನೆ ಅವನನ್ನು ಆ ದಾರಿಗೆ ತಂದ ರಾಜನೀತಿಯು ವಿಚಾರಣೆಯಿಂದ ಪಾರಾಗುತ್ತದೆ. ಎರಡು ವರ್ಷಗಳಲ್ಲಿ, 1860ರಲ್ಲಿ, ಸುರಪುರವನ್ನು ಬ್ರಿಟಿಷರು ನಿಜಾಮನಿಗೆ ಕೊಟ್ಟುಬಿಟ್ಟರೆಂಬುದನ್ನು ನೆನೆದರೆ, ಈ ಪರಿಣಾಮದಲ್ಲಿ ಗ್ರಹಗತಿಗಿಂತ ಸರ್ಕಾರಗಳ ಲೆಕ್ಕಾಚಾರಕ್ಕೆ ಹೆಚ್ಚಿನ ಪಾತ್ರವಿತ್ತೆಂದು ಹೇಳಬೇಕಾಗುತ್ತದೆ.

ಇಷ್ಟರಿಂದ ಗ್ರಂಥವು ತ್ಯಾಜ್ಯವೆಂದು ಯಾರೂ ತಿಳಿಯಬಾರದು. ವೆಂಕಟಪ್ಪನಾಯಕನ ಆತ್ಮಗೌರವಕ್ಕೆ ಸಾಕ್ಷಿಯಾದ ಪುಟಗಳು ದೊರೆಯುವುದೂ ಇಲ್ಲಿಯೇ. ಸೆರೆಯಲ್ಲಿ ತನ್ನನ್ನು ಕಾಣಬಂದ ಟೇಲರನಿಗೆ ಅವನು, ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಿ ಕೊಲ್ಲಿಸಬೇಕೆಂದು ಕೇಳಿಕೊಂಡನು. ಇದನ್ನು ಮರೆಮಾಚದೆ ಬರೆದಿಟ್ಟ ಪ್ರಾಮಾಣಿಕತೆ ಟೇಲರನದು. ಅದರ ಪೂರ್ಣಾರ್ಥವನ್ನು ಕಾಣದೆಹೋದುದು ಅವನ ಮಿತಿ. ಅವನಿಗೆ ಅದು ದಾರಿತಪ್ಪಿದ ಹುಡುಗನೊಬ್ಬನ ಕರುಣಾಜನಕವಾದ ಮಾತು; ನಮಗೆ ಅದು ದೊರೆಯೊಬ್ಬನು ತನ್ನ ಪದವಿಯನ್ನು ಕೊನೆಯವರೆಗೂ ಬಿಡದೆ ಆಡಿದ ಮಾತು.

ರಾಜನು ತನ್ನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನೆಂದು ಟೇಲರನು ಬರೆದಿರುವುದೂ ಇಂತಹದೇ. ಇಂಗ್ಲಿಷ್ ವಾಚಕನು ಇದನ್ನು ತಂದೆಯೆಂಬ ಒಂದೇ ಅರ್ಥದಲ್ಲಿ ಗ್ರಹಿಸಿ, ಆಳುವವನನ್ನು ತಂದೆಯಾಗಿಯೂ ಆಳಿಸಿಕೊಳ್ಳುವವನನ್ನು ಮಗುವಾಗಿಯೂ ಕಲ್ಪಿಸಿಕೊಳ್ಳುತ್ತಾನೆ. ಆದರೆ ಕಲಬುರಗಿ ಸೀಮೆಯ ಮಾತಿನಲ್ಲಿ 'ಅಪ್ಪಾ' ಎಂಬುದು ತಂದೆಗೂ ಸಲ್ಲುತ್ತದೆ, ಮಠದ ಸ್ವಾಮಿಗೂ ಸಲ್ಲುತ್ತದೆ. ಹಿರಿಯನಿಗೆ ಗೌರವದಿಂದಲೂ ಕಿರಿಯನಿಗೆ ಅಕ್ಕರೆಯಿಂದಲೂ ಸಲ್ಲುತ್ತದೆ. ಆ ಕರೆಯಲ್ಲಿ ಪ್ರೀತಿಯಿತ್ತೆಂಬುದನ್ನು ನಾವು ಸಂದೇಹಿಸುವುದಿಲ್ಲ. ಅಧೀನತೆಯೂ ಇತ್ತೆಂದು ಅದೊಂದೇ ಮಾತಿನಿಂದ ಸಾಧಿಸಲಾಗದು. ಇಂತಹ ಕಡೆಗಳಲ್ಲಿ ಟಿಪ್ಪಣಿ ಬರೆಯಬೇಕಾದವನು ಕನ್ನಡ ಬಲ್ಲ ಸಂಪಾದಕನೇ.

ಈ ಇಬ್ಬಗೆಯ ಪುನರ್ಮುದ್ರಣಗಳು ಬೇರೆಬೇರೆ ಕಪಾಟುಗಳಲ್ಲಿ ಉಳಿದುಕೊಂಡುದೇ ದೊಡ್ಡ ಕೊರತೆ. ಸಾಹಿತ್ಯದ ವಿದ್ಯಾರ್ಥಿಯು ಆತ್ಮಕಥೆಯನ್ನು ಓದುತ್ತಾನೆ; ಪುರಾತತ್ತ್ವದ ವಿದ್ಯಾರ್ಥಿಯು ಲೇಖನಗಳನ್ನು ಓದುತ್ತಾನೆ. ಶಹಾಪುರ ತಾಲೂಕಿನ ಶಿರವಾಳದ ಗುಡಿಗಳನ್ನೂ ಶಾಸನಗಳನ್ನೂ ನೋಡುತ್ತ ಬೆಳೆದ ವಿದ್ಯಾರ್ಥಿಗೆ ಈ ಎರಡೂ ಒಂದೇ ನೆಲದ ಮಾತುಗಳು. ಟೇಲರನು ಕಾಲಿಡುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಈ ಸೀಮೆಯು ಕಲ್ಲಿನಲ್ಲಿ ತನ್ನ ಚರಿತ್ರೆಯನ್ನು ತಾನೇ ಬರೆದುಕೊಂಡಿತ್ತು. ಆಂಗ್ಲ ಅಧಿಕಾರಿಯ ಬರವಣಿಗೆಯು ಆ ಚರಿತ್ರೆಯ ಆರಂಭವಲ್ಲ, ಒಂದು ಪ್ರಕರಣವೆಂಬ ತಿಳಿವಳಿಕೆ ಅಂತಹ ವಾಚಕನಿಗೆ ಸಹಜವಾಗಿಯೇ ಇರುತ್ತದೆ.

ಆದುದರಿಂದ ಮುಂದೆ ಬರುವ ಕನ್ನಡ ಆವೃತ್ತಿಯು ಮೂರು ಕೆಲಸಗಳನ್ನು ಮಾಡಬೇಕೆಂದು ನಾವು ಅಪೇಕ್ಷಿಸುತ್ತೇವೆ. ಇಂಗ್ಲಿಷಿನಲ್ಲಿ ರೂಪಗೆಟ್ಟ ಊರುಗಳ ಹಾಗೂ ವ್ಯಕ್ತಿಗಳ ಹೆಸರುಗಳನ್ನು ಅವುಗಳ ನಿಜರೂಪಕ್ಕೆ ತರಬೇಕು. ಆತ್ಮಕಥೆಯ ಸುರಪುರದ ಅಧ್ಯಾಯಗಳ ಜತೆಯಲ್ಲಿಯೇ ಶಿಲಾಸಮಾಧಿಗಳ ಲೇಖನಗಳನ್ನು ಮುದ್ರಿಸಬೇಕು. ಕಪಟರಾಳ ಕೃಷ್ಣರಾಯರಂತಹ ವಿದ್ವಾಂಸರು ಸುರಪುರ ಸಂಸ್ಥಾನದ ಇತಿಹಾಸಕ್ಕಾಗಿ ಪಟ್ಟ ಶ್ರಮವನ್ನು ಬಳಸಿಕೊಂಡು, ಟೇಲರನು ಕಂಡುದಾವುದು, ಕೇಳಿದುದಾವುದು, ತನ್ನ ಸಮರ್ಥನೆಗಾಗಿ ಹೇಳಿದುದಾವುದು ಎಂಬುದನ್ನು ಪುಟಪುಟದ ಅಡಿಯಲ್ಲಿ ಸೂಚಿಸಬೇಕು. ಮೊದಲನೆಯ ಕೆಲಸವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೇ ಕೈಗೊಳ್ಳಬಹುದು. ಗ್ರಂಥದ ಊರುಗಳ ಪಟ್ಟಿಯನ್ನು ಹಿಡಿದು ಒಂದು ರಜೆಯ ಅವಧಿಯಲ್ಲಿ ಶಹಾಪುರ, ಸುರಪುರ ತಾಲೂಕುಗಳನ್ನು ಸುತ್ತಿದರೆ ಅದರ ಬಹುಭಾಗವು ಮುಗಿದೀತು.